ಹೆರಿಗೆ ನೋವು: ಕಣ್ಣಿಗೊಂದು ಹೊಸ ಸಾಧನ, ಕೈ ಹಿಡಿಯಲು ಒಬ್ಬ ಜೊತೆಗಾತಿ

(ಸ್ವಸಹಾಯ ಸಂಘಗಳ ಸದಸ್ಯೆಯರ ಸಭೆಯಲ್ಲಿ ನೀಡಿದ ಮಾಹಿತಿಯ ಬರಹ ರೂಪ)



ಹೆರಿಗೆ ನೋವು ಹೇಗಿರುತ್ತೆ ಅಂತ ನಮಗೆ ಯಾರೂ ಹೇಳಿಕೊಡಬೇಕಿಲ್ಲ. "ಎಲ್ಲರೂ ಹೆತ್ತಿಲ್ವಾ, ಸುಮ್ಮನಿರು" ಅನ್ನೋ ಮಾತನ್ನೂ ನಮ್ಮಲ್ಲಿ ಅನೇಕರು ಕೇಳಿದ್ದೇವೆ. ಆದರೆ ನೋವು ಕಡಿಮೆಯಾಗಲಿ ಅಂತ ಬಯಸುವುದು ತಪ್ಪಲ್ಲ. ಅದಕ್ಕಾಗಿ ಬಂದಿರುವ ಒಂದು ಹೊಸ ವಿಧಾನವನ್ನು ಇಂದು ತಿಳಿದುಕೊಳ್ಳೋಣ.

ಅದರ ಹೆಸರು ವರ್ಚುವಲ್ ರಿಯಾಲಿಟಿ. ದಪ್ಪ ಕನ್ನಡಕದಂಥ ಸಾಧನವನ್ನು ಕಣ್ಣಿಗೆ ಕಟ್ಟಿಕೊಂಡರೆ ಆಸ್ಪತ್ರೆ ಕೋಣೆ ಮರೆಯಾಗಿ, ಸುತ್ತಲೂ ಸಮುದ್ರವೋ ಕಾಡೋ ಕಾಣುತ್ತದೆ. ತಲೆ ತಿರುಗಿಸಿದ ಕಡೆ ನೋಟವೂ ತಿರುಗುತ್ತದೆ. 1996ರಲ್ಲಿ ಅಮೆರಿಕದ ಸಿಯಾಟಲ್‌ನಲ್ಲಿ ಹಂಟರ್ ಹಾಫ್‌ಮನ್ ಮತ್ತು ಡೇವಿಡ್ ಪ್ಯಾಟರ್ಸನ್ ಸುಟ್ಟಗಾಯದವರಿಗೆ ಇದನ್ನು ಬಳಸತೊಡಗಿದರು. ಮುಂದೆ, ಗಾಯ ತೊಳೆಯುವಾಗ ರೋಗಿ ಹಿಮದುಂಡೆ ಎಸೆಯುತ್ತಾ ಇರುವ 'ಸ್ನೋವರ್ಲ್ಡ್' ಎಂಬ ಆಟವನ್ನೇ ರೂಪಿಸಿದರು.

ಇದು ಹೇಗೆ ಕೆಲಸ ಮಾಡುತ್ತೆ? ನೋವು ತಿಳಿಯಲೂ ಗಮನ ಬೇಕು. ಗಮನ ಬೇರೆ ಕಡೆ ಹೋದರೆ ನೋವಿನ ಅರಿವು ತಗ್ಗುತ್ತದೆ. ಮಗುವಿಗೆ ಚುಚ್ಚುಮದ್ದು ಹಾಕಿಸುವಾಗ ನಾವು ಗಿಲಕಿ ಆಡಿಸೋದಿಲ್ವಾ? ಹಾಗೆಯೇ.

ಲಾಸ್ ಏಂಜಲೀಸ್‌ನ ಸೀಡರ್ಸ್-ಸೈನಾಯ್ ಆಸ್ಪತ್ರೆಯ ವೈದ್ಯರು ಚೊಚ್ಚಲ ಹೆರಿಗೆಯ 40 ಮಂದಿಯಲ್ಲಿ ಇದನ್ನು ಪರೀಕ್ಷಿಸಿದರು. ವರದಿ 2021ರಲ್ಲಿ ಬಂತು. ಸುಮಾರು 30 ನಿಮಿಷ ಸಾಧನ ಧರಿಸಿದವರ ನೋವಿನ ಅಂಕ ಸರಾಸರಿ ಸುಮಾರು ಅರ್ಧ ಅಂಕ ಇಳಿಯಿತು. ಧರಿಸದವರಿಗೆ ಸುಮಾರು ಅಷ್ಟೇ ಏರಿತು. ಅಂದರೆ ಸಹಾಯ ಇದೆ, ಆದರೆ ಪವಾಡ ಇಲ್ಲ. ಕೆಲವರಿಗೆ ತಲೆಸುತ್ತು, ವಾಕರಿಕೆ ಬರಬಹುದು. ನೋವು ತಡೆಯಲಾಗದಿದ್ದರೆ ಔಷಧಿ ಕೇಳುವುದಕ್ಕೆ ನಾಚಿಕೆ ಬೇಡ.

"ಈ ಸಾಧನ ನಮ್ಮೂರ ಆಸ್ಪತ್ರೆಗೆ ಯಾವಾಗ ಬರುತ್ತೆ?" ಅಂತ ನೀವು ಕೇಳಬಹುದು. ಅದಕ್ಕೆ ಕಾಯುತ್ತಾ ಕೂರಬೇಕಿಲ್ಲ. ಮನಸ್ಸಿಗೆ ಧೈರ್ಯ ಕೊಡುವ, ಖರ್ಚಿಲ್ಲದ ಒಂದು ದಾರಿ ನಮ್ಮಲ್ಲೇ ಇದೆ. ಅದು ಜೊತೆಗಾತಿ. ಹೆರಿಗೆಯ ಉದ್ದಕ್ಕೂ ಒಬ್ಬರು ಜೊತೆಗಿದ್ದು ಧೈರ್ಯ ಹೇಳಿದರೆ ಸಹಜ ಹೆರಿಗೆ ಹೆಚ್ಚುತ್ತದೆ, ನೋವಿನ ಔಷಧಿಯ ಅಗತ್ಯ ಕಡಿಮೆಯಾಗುತ್ತದೆ ಎಂದು 15,000ಕ್ಕೂ ಹೆಚ್ಚು ಹೆಂಗಸರ ಅಧ್ಯಯನಗಳು ತೋರಿಸಿವೆ. ಸರ್ಕಾರಿ ಆಸ್ಪತ್ರೆಗಳಲ್ಲಿ ಹೆರಿಗೆ ಅನುಭವವುಳ್ಳ ಹೆಂಗಸು ಜೊತೆಗಿರಬಹುದು ಎಂದು ಕೇಂದ್ರ ಆರೋಗ್ಯ ಸಚಿವಾಲಯ 2016ರಲ್ಲೇ ತಿಳಿಸಿದೆ.

ಆದ್ದರಿಂದ ಸಹೋದರಿಯರೇ, ನಿಮ್ಮ ಸಂಘದಲ್ಲಿ ಗರ್ಭಿಣಿಯರಿದ್ದರೆ ಅವರ ಜೊತೆ ಯಾರು ಹೋಗಬೇಕು ಅಂತ ಮುಂದಿನ ಸಭೆಯಲ್ಲೇ ತೀರ್ಮಾನಿಸಿ. ಆಶಾ ಕಾರ್ಯಕರ್ತೆಯ ಮೂಲಕ ಆಸ್ಪತ್ರೆಯಲ್ಲಿ ಮೊದಲೇ ಕೇಳಿಡಿ. ಜೊತೆಗಾತಿ ಬೆನ್ನು ಸವರಲಿ, ನಿಧಾನ ಉಸಿರಾಡಲು ನೆನಪಿಸಲಿ, ಮಾತಾಡಿಸಲಿ. ದಾದಿಯರ ಕೆಲಸದಲ್ಲಿ ಕೈ ಹಾಕುವುದು ಬೇಡ.

ನಮ್ಮ ಸಂಘದ ಯಾವ ಹೆಣ್ಣುಮಗಳೂ ಆ ಹೊತ್ತಿನಲ್ಲಿ ಒಂಟಿಯಾಗದಿರಲಿ.