ರೈಲು ನಿಲ್ಲಬೇಕಾಗಿಲ್ಲದ ಊರು



ಉಗಿ ಇಂಜಿನ್ನಿಗೆ ಆರೈಕೆ ಬಹಳ ಬೇಕು. ನೂರು ಮೈಲಿ ಓಡುವಷ್ಟರಲ್ಲಿ ನೀರು ತುಂಬಿಸಬೇಕು, ಉರುವಲು ಹಾಕಬೇಕು, ಕೀಲುಗಳಿಗೆ ಎಣ್ಣೆ ಬಿಡಬೇಕು, ಡ್ರೈವರ್, ಫೈರ್‌ಮನ್ ಬದಲಾಗಬೇಕು. ಆಗಾಗ ಬಾಯ್ಲರ್ ತಣಿಸಿ, ಒಳಗೆ ಕಟ್ಟಿದ ಗಸಿಯನ್ನೂ ತೊಳೆಯಬೇಕು. ಈ ಕೆಲಸಗಳಿಗೆಂದೇ ಬರಡು ನೆಲದಲ್ಲೂ ಊರುಗಳು ಎದ್ದವು.

ಅಮೆರಿಕದ ನೆವಾಡಾ ರಾಜ್ಯದ ಕಾಲಿಯೆಂಟೆ ಅಂಥ ಊರು. 20ನೇ ಶತಮಾನದ ಆರಂಭದಲ್ಲಿ ಸಾಲ್ಟ್ ಲೇಕ್ ಸಿಟಿಯಿಂದ ಲಾಸ್ ಏಂಜಲೀಸ್‌ಗೆ ರೈಲು ಹಾದಿ ಹಾಕಿದಾಗ ಬೆಳೆಯಿತು. 1910ರ ಪ್ರವಾಹದಲ್ಲಿ ಕಣಿವೆಯ ಹಳಿಗಳು ಕೊಚ್ಚಿಹೋದವು, ಮತ್ತೆ ಕಟ್ಟಿದರು. 1923ರಲ್ಲಿ ಚೆಂದದ ದೊಡ್ಡ ನಿಲ್ದಾಣವೂ ಎದ್ದಿತು. ಶೆಡ್ಡಿನಲ್ಲಿ ಬಾಯ್ಲರ್ ಕೆಲಸಗಾರರು, ಫಿಟ್ಟರುಗಳು. ಅವರ ಸಂಬಳವನ್ನು ನಂಬಿದ ಅಂಗಡಿಗಳು, ಶಾಲೆ, ಆಸ್ಪತ್ರೆ.

ಆಮೇಲೆ ಡೀಸೆಲ್ ಬಂತು. ಅದಕ್ಕೆ ದಾರಿಯುದ್ದಕ್ಕೂ ನೀರು ಬೇಡ, ಬಾಯ್ಲರ್ ತೊಳೆಯುವವರೂ ಬೇಡ. 1940ರ ದಶಕದ ಕೊನೆಯ ವೇಳೆಗೆ ಸಿಬ್ಬಂದಿ ಬದಲಾಗುವ ಠಾಣೆ ಲಾಸ್ ವೇಗಸ್‌ಗೆ ಹೋಯಿತು.

ಡಬ್ಲ್ಯು. ಎಫ್. ಕಾಟ್ರೆಲ್ ಎಂಬ ಸಮಾಜಶಾಸ್ತ್ರಜ್ಞ 1951ರಲ್ಲಿ ಇದರ ಮೇಲೆ ಒಂದು ಪ್ರಬಂಧ ಪ್ರಕಟಿಸಿದರು: ‘ಡೆತ್ ಬೈ ಡೀಸೆಲೈಸೇಷನ್’. ಲಾಭ–ನಷ್ಟವನ್ನು ಅವರು ಕಂಪನಿಯ ಪುಸ್ತಕದಲ್ಲಿ ನೋಡಿ ಸುಮ್ಮನಾಗಲಿಲ್ಲ. ನಷ್ಟ ಯಾರ ತಲೆಗೆ ಬಿತ್ತು ಎಂದು ಕೇಳಿದರು. ಸಿಕ್ಕ ಉತ್ತರ ನನ್ನನ್ನು ಇಂದಿಗೂ ಕಲಕುತ್ತದೆ. ಎಲ್ಲೂ ನೆಲೆ ನಿಲ್ಲದೆ ಅಲೆಯುವ ಕೆಲಸಗಾರ ಗಂಟು ಕಟ್ಟಿ ಮುಂದಿನ ಊರಿಗೆ ನಡೆದ. ಅವನು ಕಳೆದುಕೊಂಡದ್ದು ಕಡಿಮೆ. ಪೆಟ್ಟು ಬಿದ್ದದ್ದು ಮನೆ ಕಟ್ಟಿ, ಮಕ್ಕಳನ್ನು ಶಾಲೆಗೆ ಸೇರಿಸಿ, ಊರಿನ ಸಾಲಪತ್ರಕ್ಕೆ ಹಣ ಹಾಕಿ ಬಾಳಿದ ಗೃಹಸ್ಥನಿಗೆ. ಮನೆಗೆ ಕೊಳ್ಳುವವರಿಲ್ಲ. ಬಾಯ್ಲರ್ ವಿದ್ಯೆಗೆ ಡೀಸೆಲ್ ಶೆಡ್ಡಿನಲ್ಲಿ ಬೆಲೆಯಿಲ್ಲ. ಒಳ್ಳೆಯ ನಾಗರಿಕನಾಗಿ ಬಾಳು ಎಂದು ಸಮಾಜ ಯಾರಿಗೆ ಹೇಳಿತ್ತೋ, ಆ ಮಾತನ್ನು ನಂಬಿದವರೇ ಹೆಚ್ಚು ತೆತ್ತರು.

ಡೀಸೆಲ್ ಬರಬಾರದಿತ್ತು ಎಂದು ನಾನು ಹೇಳುವುದಿಲ್ಲ. ಉಳಿತಾಯ ನಿಜವಾದದ್ದೇ. ಆದರೆ ಆ ಉಳಿತಾಯದ ಒಂದು ಪಾಲು ಕಾಲಿಯೆಂಟೆಯ ಮನೆಮಾಲೀಕನಿಗೂ ಸಲ್ಲಬೇಕಾಗಿತ್ತು. ಇಂಜಿನ್ ಬದಲಾಯಿಸುವ ಖರ್ಚಿನಲ್ಲಿ ಅವನ ಮನೆಯ ಬೆಲೆಯನ್ನು ಯಾರೂ ಸೇರಿಸಲಿಲ್ಲ.

ಕಾಲಿಯೆಂಟೆ ಅಳಿಯಲಿಲ್ಲ. ಈಗಲೂ ಸುಮಾರು ಸಾವಿರ ಜನ ಅಲ್ಲಿದ್ದಾರೆ. ಹಳೆಯ ನಿಲ್ದಾಣ ಪುರಸಭೆಯ ಕಚೇರಿಯೂ ಗ್ರಂಥಾಲಯವೂ ಆಗಿ ಬಳಕೆಗೆ ಬಂತು.