ಸಂಕಲನ ಮತ್ತು ವ್ಯವಕಲನ

ಗಣಿತದ ಮೊದಲ ಪಾಠಗಳಲ್ಲಿ ನಾವೆಲ್ಲ ಕಲಿತ ಎರಡು ಶಬ್ದಗಳಿವೆ: ಸಂಕಲನ ಮತ್ತು ವ್ಯವಕಲನ. ಒಂದು ಕೂಡುವುದು, ಇನ್ನೊಂದು ಕಳೆಯುವುದು. ಚಲನಚಿತ್ರದ ತುಣುಕುಗಳನ್ನು ಆಯ್ದು ಜೋಡಿಸುವ ಕೆಲಸಕ್ಕೆ ಹೆಸರು ಬೇಕಾದಾಗ ನಮ್ಮವರು ಇವೆರಡರಲ್ಲಿ ಮೊದಲನೆಯದನ್ನೇ ಆರಿಸಿಕೊಂಡರು. ಬೆಳ್ಳಿತೆರೆಯ ಮೇಲೆ ಇಂದಿಗೂ ‘ಸಂಕಲನ’ ಎಂದೇ ಅಕ್ಷರಗಳು ಮೂಡುತ್ತವೆ. ಕತ್ತರಿ ಹಿಡಿದು ಮಾಡುವ ಕೆಲಸಕ್ಕೆ ಕೂಡುವಿಕೆಯ ಹೆಸರೇಕೆ ಎಂಬ ಪ್ರಶ್ನೆ ಬಹುಕಾಲ ನನಗೆ ಹೊಳೆದಿರಲಿಲ್ಲ. ನಿವೃತ್ತನಾದ ಮೇಲೆ, ಮನೆಯ ಕಂಪ್ಯೂಟರಿನ ಮುಂದೆ ಕುಳಿತು ಹಳೆಯ ವಿಡಿಯೊ ಕ್ಯಾಸೆಟ್ಟೊಂದನ್ನು ತಿದ್ದಲು ಹೊರಟಾಗ ಆ ಪ್ರಶ್ನೆ ಎದುರಾಯಿತು. ಉತ್ತರವೂ, ಸ್ವಲ್ಪ ನೋವಿನೊಡನೆ, ದೊರಕಿತು. ಅದನ್ನೇ ಈ ಹತ್ತು ನಿಮಿಷಗಳಲ್ಲಿ ತಮ್ಮ ಮುಂದಿಡಬಯಸುತ್ತೇನೆ.

ಆ ಕ್ಯಾಸೆಟ್ಟು ೧೯೯೦ರಲ್ಲಿ ನಡೆದ ನನ್ನ ತಂಗಿಯ ಮದುವೆಯದು. ಕಣ್ಣು ಕೋರೈಸುವ ದೀಪವನ್ನು ಎತ್ತಿ ಹಿಡಿದ ಹುಡುಗನೊಬ್ಬ, ಹೆಗಲ ಮೇಲೆ ಕ್ಯಾಮೆರಾ ಹೊತ್ತ ಇನ್ನೊಬ್ಬ, ಇವರಿಬ್ಬರ ಹಿಂದೆ ಎಳೆದಾಡುವ ಉದ್ದನೆಯ ತಂತಿ. ಅಂದಿನ ಮದುವೆ ಮನೆಗಳನ್ನು ಕಂಡವರಿಗೆ ಈ ದೃಶ್ಯ ಮರೆತಿರಲಾರದು. ವಿ.ಎಚ್.ಎಸ್. ಎಂಬ ಈ ಪದ್ಧತಿ ಜಪಾನಿನಲ್ಲಿ ೧೯೭೬ರಲ್ಲಿ ಹೊರಬಂದದ್ದು. ಅರ್ಧ ಅಂಗುಲ ಅಗಲದ ಪ್ಲಾಸ್ಟಿಕ್ ಪಟ್ಟಿ, ಅದರ ಮೇಲೆ ಕಾಂತೀಯ ಕಣಗಳ ತೆಳುವಾದ ಲೇಪ, ಇಷ್ಟೇ ಅದರ ಬಂಡವಾಳ. ಆ ಪಟ್ಟಿಯ ಮೇಲೆ ಚಿತ್ರವನ್ನು ಬರೆಯುವುದು ಗಿರನೆ ತಿರುಗುವ ಒಂದು ಉರುಳೆ. ಅದರ ಬರಹ ಓರೆಗೆರೆಗಳಲ್ಲಿ ಸಾಗುತ್ತದೆ. ಧ್ವನಿಯನ್ನಾದರೋ ಕದಲದೆ ನಿಂತ ಬೇರೊಂದು ಭಾಗವು ಪಟ್ಟಿಯ ಅಂಚಿನುದ್ದಕ್ಕೂ ನೇರವಾಗಿ ಬರೆದುಕೊಂಡು ಹೋಗುತ್ತದೆ. ಈ ಸಣ್ಣ ವ್ಯತ್ಯಾಸವನ್ನು ದಯವಿಟ್ಟು ನೆನಪಿನಲ್ಲಿಡಿ; ಮುಂದೆ ಅದು ಬೇಕಾಗುತ್ತದೆ.

ಕ್ಯಾಸೆಟ್ಟಿನ ಚಿತ್ರವನ್ನು ಕಂಪ್ಯೂಟರಿಗೆ ಇಳಿಸುವುದು ಓಲೆಗರಿಯನ್ನು ಪ್ರತಿಮಾಡುವಷ್ಟೇ ತಾಳ್ಮೆಯ ಕೆಲಸ. ಕ್ಯಾಸೆಟ್ ಯಂತ್ರದಿಂದ ಹೊರಟ ತಂತಿಗಳನ್ನು ಒಂದು ಪುಟ್ಟ ಪರಿವರ್ತಕಕ್ಕೂ, ಅದನ್ನು ಕಂಪ್ಯೂಟರಿಗೂ ಜೋಡಿಸಿದರೆ, ಮೂರು ಗಂಟೆಯ ಕ್ಯಾಸೆಟ್ಟು ಮೂರು ಗಂಟೆಯೇ ಓಡಬೇಕು, ಅವಸರಕ್ಕೆ ಎಡೆಯಿಲ್ಲ. ನಮ್ಮ ದೇಶದ ಪದ್ಧತಿಯಲ್ಲಿ ಸೆಕೆಂಡಿಗೆ ೨೫ ಚಿತ್ರಗಳು. ಹಾಗೆ ಎಣಿಸಿದರೆ ಮೂರು ಗಂಟೆಗೆ ೨,೭೦,೦೦೦ ಚಿತ್ರಗಳಾದವು. ಡಿ.ವಿ. ಎಂಬ ಬಗೆಯಲ್ಲಿ ಇವನ್ನು ದಾಖಲಿಸಿಕೊಂಡರೆ ಗಂಟೆಗೆ ಸುಮಾರು ೧೩ ಗಿಗಾಬೈಟಿನಷ್ಟು ಜಾಗ ಬೇಕು. ನನ್ನ ಹಳೆಯ ಕಂಪ್ಯೂಟರಿಗೆ ಅದು ಭಾರವೇ ಆಯಿತು.

ಇಳಿಸಿಕೊಂಡು ನೋಡಿದರೆ ಚಿತ್ರದ ತುಂಬ ದೋಷಗಳು! ಯಾರಾದರೂ ಕೈಬೀಸಿದರೆ ಕೈಯ ಅಂಚಿನಲ್ಲಿ ಬಾಚಣಿಗೆಯ ಹಲ್ಲುಗಳಂತೆ ಗೆರೆಗಳು ಏಳುತ್ತಿದ್ದವು. ಹಳೆಯ ಟೆಲಿವಿಷನ್ ಪದ್ಧತಿಯಲ್ಲಿ ಪ್ರತಿಯೊಂದು ಚಿತ್ರವನ್ನೂ ಬೆಸಗೆರೆಗಳದೊಂದು, ಸರಿಗೆರೆಗಳದೊಂದು ಎಂದು ಎರಡು ಕಂತುಗಳಾಗಿ ತೋರಿಸುತ್ತಿದ್ದರು. ಇವೆರಡನ್ನೂ ಕಂಪ್ಯೂಟರು ಒಟ್ಟಿಗೇ ಮುಂದಿಟ್ಟಾಗ ನಡುವಣ ಚಲನೆ ಹೀಗೆ ಹಲ್ಲಾಗಿ ಕಾಣುತ್ತದೆ. ಚಿತ್ರದ ತಳದಲ್ಲಿ ಒಂದು ಹರಿದ ಅಂಚು ಸದಾ ನಡುಗುತ್ತಿತ್ತು. ಅದು ಅಂದೂ ಇತ್ತು. ಹಳೆಯ ಟೆಲಿವಿಷನ್ನಿನ ಚೌಕಟ್ಟು ಅದನ್ನು ಮರೆಮಾಡಿತ್ತು, ಅಷ್ಟೆ. ಇವಕ್ಕೆಲ್ಲ ಕಂಪ್ಯೂಟರಿನಲ್ಲಿ ಚಿಕಿತ್ಸೆಯುಂಟು. ಒಂದೊಂದಾಗಿ ಕಲಿತು ಪ್ರಯೋಗಿಸಿದೆ. ತಿದ್ದುವುದರಲ್ಲಿ ಒಂದು ಬಗೆಯ ಅಮಲಿದೆ. ವಿದ್ಯಾರ್ಥಿಗಳ ಉತ್ತರಪತ್ರಿಕೆಗಳನ್ನು ಮೂರು ದಶಕಗಳ ಕಾಲ ತಿದ್ದಿದ ಕೈಗೆ ಅದು ಬೇಗನೆ ಏರಿತು.

ದೋಷ ತೆಗೆದವನು ಮುಂದೆ ಭಾಗಗಳನ್ನೇ ತೆಗೆಯತೊಡಗಿದೆ. ಉಡುಗೊರೆ ಕೊಡುವವರ ಕೊನೆಯಿಲ್ಲದ ಸಾಲು ಹೋಯಿತು. ಹೂವಿನೊಳಗಿನಿಂದಲೂ ನಕ್ಷತ್ರದೊಳಗಿನಿಂದಲೂ ವಧೂವರರು ಅರಳಿಬರುವ ಸ್ಟುಡಿಯೋದ ಚಮತ್ಕಾರಗಳು ಹೋದವು. ಕ್ಯಾಸೆಟ್ಟಿನ ಕೊನೆಗೆ ಬಂದಾಗ, ಹೆಣ್ಣೊಪ್ಪಿಸಿದ ತರುವಾಯ ಕ್ಯಾಮೆರಾದವನು ಅದನ್ನು ಆರಿಸಲು ಮರೆತು ಯಾವುದೋ ಕುರ್ಚಿಯ ಮೇಲೆ ಇಟ್ಟಿದ್ದನೆಂದು ಕಾಣುತ್ತದೆ, ಎರಡು ನಿಮಿಷಗಳ ಕಾಲ ಒಂದು ಕಂಬ, ಅದರ ಬುಡದಲ್ಲಿ ಎರಡು ಜೊತೆ ಚಪ್ಪಲಿ, ಇವಲ್ಲದೆ ಬೇರೇನೂ ಇರಲಿಲ್ಲ. ಧ್ವನಿಯನ್ನು ತಗ್ಗಿಸಿಕೊಂಡೇ ಕೆಲಸ ಮಾಡುತ್ತಿದ್ದ ನಾನು ಅದನ್ನೂ ಕತ್ತರಿಸಿ ಹಾಕಿದೆ. ಮೂರು ಗಂಟೆಯ ಮದುವೆ ಇಪ್ಪತ್ತೈದು ನಿಮಿಷಗಳಲ್ಲಿ ಅಚ್ಚುಕಟ್ಟಾಗಿ ಮುಗಿಯಿತು. ಜಾಗ ಸಾಲದೆಂದು ದೊಡ್ಡ ಕಡತವನ್ನು ಅಳಿಸಿದೆ. ಚಿಕ್ಕದನ್ನು ಬಂಧುಗಳಿಗೆಲ್ಲ ಕಳುಹಿಸಿ ಪ್ರಶಂಸೆಗಾಗಿ ಕಾದೆ.

ಪ್ರಶಂಸೆ ಬಂತು. ಮೂರನೆಯ ದಿನ ತಂಗಿಯ ಫೋನೂ ಬಂತು.

“ಅಣ್ಣ, ಎಲ್ಲಾ ಚೆನ್ನಾಗಿದೆ. ಅಮ್ಮ ಮಾತಾಡಿದ್ದು ಎಲ್ಲಿ?” ಎಂದಳು.

ಅಮ್ಮ ಇದ್ದಾರಲ್ಲ, ಧಾರೆಯಲ್ಲಿ ಇದ್ದಾರೆ, ಆರತಿಯಲ್ಲಿ ಇದ್ದಾರೆ ಎಂದೆ.

“ಇದ್ದಾರೆ. ಆದರೆ ಮಾತಾಡೋದು ಕೊನೇಲಿ ಮಾತ್ರ, ಅಣ್ಣ. ಆ ಕಂಬ ಕಾಣೋ ಕಡೆ. ನಾನು ಅದನ್ನ ಕೇಳೋಕೇ ಕ್ಯಾಸೆಟ್ ಹಾಕ್ತಿದ್ದೆ.”

ಆಗ ತಿಳಿಯಿತು. ಸ್ಟುಡಿಯೋದವರು ಅಂದಿನ ರೂಢಿಯಂತೆ ಮದುವೆಯ ಉದ್ದಕ್ಕೂ ಚಲನಚಿತ್ರಗೀತೆಗಳನ್ನು ಕೂಡಿಸಿ, ಮಂಟಪದ ನಿಜವಾದ ಸದ್ದನ್ನೆಲ್ಲ ಅಳಿಸಿಬಿಟ್ಟಿದ್ದರು. ಪುರೋಹಿತರ ಬಾಯಿ ಆಡುತ್ತದೆ, ಮಂತ್ರವಿಲ್ಲ. ಅಮ್ಮ ನಗುತ್ತಾರೆ, ನಗೆಯ ಸದ್ದಿಲ್ಲ. ಕೆಲಸಕ್ಕೆ ಬಾರದ್ದೆಂದು ಅವರು ಹಾಡು ಹಾಕದೆ ಬಿಟ್ಟ ಆ ಎರಡು ನಿಮಿಷಗಳಲ್ಲಿ ಮಾತ್ರ ಮದುವೆಯ ಮನೆ ಮಾತನಾಡುತ್ತಿತ್ತು. ಅಮ್ಮ ತೀರಿಕೊಂಡದ್ದು ೧೯೯೮ರಲ್ಲಿ. ಅವರ ಧ್ವನಿ ಬೇರೆಲ್ಲಿಯೂ ನಮ್ಮಲ್ಲಿ ದಾಖಲಾಗಿರಲಿಲ್ಲ.

ಕ್ಯಾಸೆಟ್ಟನ್ನು ಎಸೆಯಲು ನನ್ನಾಕೆ ಒಪ್ಪದಿದ್ದುದರಿಂದ ಅದು ಅಟ್ಟದ ಮೇಲೆ ಉಳಿದಿತ್ತು. ಆದರೆ ಎರಡು ಮಳೆಗಾಲಗಳ ತೇವಕ್ಕೆ ಸುರುಳಿಯ ಅಂಚಿನಲ್ಲಿ ಬಿಳಿಯ ಬೂಷ್ಟು ಹಿಡಿದಿತ್ತು. ಅಂಥ ಕ್ಯಾಸೆಟ್ಟನ್ನು ಹಾಗೆಯೇ ಯಂತ್ರಕ್ಕೆ ಹಾಕಬಾರದು. ಪಟ್ಟಿಯೂ ಕೆಡುತ್ತದೆ, ಬೂಷ್ಟು ಯಂತ್ರಕ್ಕೆ ತಗುಲಿ ಮುಂದಿನ ಕ್ಯಾಸೆಟ್ಟುಗಳಿಗೂ ಹರಡುತ್ತದೆ. ಬಲ್ಲವರೊಬ್ಬರು ಒರೆಸಿ ಶುಚಿಮಾಡಿ ಓಡಿಸಿಕೊಟ್ಟರು. ಕೊನೆಯ ಭಾಗದಲ್ಲಿ ಚಿತ್ರ ಬಹುಮಟ್ಟಿಗೆ ಅಳಿದುಹೋಗಿ ತೆರೆಯ ತುಂಬ ಬಿಳಿಯ ಚುಕ್ಕೆಗಳಷ್ಟೇ ಕುಣಿದವು. ಆದರೆ ನಾನು ಮೊದಲೇ ಹೇಳಿದಂತೆ ಧ್ವನಿಯ ಗೆರೆ ಬೇರೆ, ಅದನ್ನು ಓದುವ ಭಾಗವೂ ಬೇರೆ. ಆ ಚುಕ್ಕೆಗಳ ಹಿಂದಿನಿಂದ ಅಮ್ಮನ ಧ್ವನಿ ಕೇಳಿಬಂತು: “ಬಸ್ಸಿನ ಡ್ರೈವರಿಗೆ ಎಲೆ ಹಾಕಿದಿರೇನ್ರೋ? ಪಾಪ, ಬೆಳಗಿನಿಂದ ಏನೂ ತಿಂದಿಲ್ಲ ಅವನು. ಮೊದಲು ಅವನಿಗೆ ಬಡಿಸಿ, ನಮ್ಮದು ಆಮೇಲೆ.”

ಮಗಳನ್ನು ಕಳುಹಿಸಿಕೊಟ್ಟು ಅರ್ಧ ಗಂಟೆಯೂ ಆಗಿರದ ತಾಯಿಯೊಬ್ಬಳ ಮಾತು ಅದು. ಆಕೆ ಎಂಥವಳೆಂದು ನಾನು ನೂರು ಪುಟ ಬರೆದರೂ ಅಷ್ಟು ಸ್ಪಷ್ಟವಾಗಿ ಹೇಳಲಾರೆ. ಅದನ್ನು ನಾನು ಕಸವೆಂದು ಕಳೆದಿದ್ದೆ.

ಎಂ.ಎ. ತರಗತಿಯಲ್ಲಿ ಓದಿದ, ಡಿ.ಎಲ್. ನರಸಿಂಹಾಚಾರ್ಯರ ‘ಕನ್ನಡ ಗ್ರಂಥಸಂಪಾದನೆ’ ಅಂದು ನೆನಪಾಗಿ ನಾಚಿಕೆಯಾಯಿತು. ಶಾಸ್ತ್ರೀಯವಾಗಿ ಸಂಪಾದನೆ ಮಾಡುವ ವಿದ್ವಾಂಸನು ಒಂದು ಪಾಠವನ್ನು ಸ್ವೀಕರಿಸಿದಾಗ ಉಳಿದ ಪಾಠಾಂತರಗಳನ್ನು ಎಸೆಯುವುದಿಲ್ಲ, ಅಡಿಟಿಪ್ಪಣಿಯಲ್ಲಿ ಕೊಡುತ್ತಾನೆ. ಲಿಪಿಕಾರನ ಸ್ಖಾಲಿತ್ಯವೆಂದು ತನಗೆ ತೋರಿದ್ದು ನಾಳೆ ಬೇರೊಬ್ಬನಿಗೆ ಕವಿಯ ಮಾತೇ ಆಗಿ ತೋರಬಹುದೆಂಬ ವಿನಯ ಅದರ ಹಿಂದಿದೆ. ಇದನ್ನು ವರ್ಷವರ್ಷವೂ ತರಗತಿಯಲ್ಲಿ ಬೋಧಿಸಿದವನು ನಾನು. ಮನೆಯ ಕ್ಯಾಸೆಟ್ಟಿಗೆ ಈ ಶಾಸ್ತ್ರ ಅನ್ವಯಿಸುತ್ತದೆಂದು ನನಗೆ ಹೊಳೆಯಲೇ ಇಲ್ಲ.

ವಿಶೇಷವೆಂದರೆ, ಕಂಪ್ಯೂಟರು ನನಗಿಂತ ಒಳ್ಳೆಯ ಸಂಪಾದಕ. ಇಂದಿನ ಸಂಕಲನ ತಂತ್ರಾಂಶಗಳಲ್ಲಿ ನಾವು ‘ಕತ್ತರಿಸು’ ಎಂದಾಗ ಅದು ಮೂಲದ ಕಡತವನ್ನು ಮುಟ್ಟುವುದೇ ಇಲ್ಲ. ಇಂಥ ಕ್ಷಣದಿಂದ ಇಂಥ ಕ್ಷಣದವರೆಗೆ ತೋರಿಸು, ಅನಂತರ ಇದನ್ನು ತೋರಿಸು ಎಂದು ಒಂದು ಪಟ್ಟಿಯನ್ನಷ್ಟೇ ಬರೆದಿಟ್ಟುಕೊಳ್ಳುತ್ತದೆ. ಮೂಲ ಮೂಲವಾಗಿಯೇ ಉಳಿದಿರುತ್ತದೆ. ನನ್ನ ಕಂಪ್ಯೂಟರು ಒಂದು ಕ್ಷಣವನ್ನೂ ಕಳೆದಿರಲಿಲ್ಲ. ಕಡತವನ್ನು ಅಳಿಸಿದ್ದು ನನ್ನ ಬೆರಳು.

ಆದ್ದರಿಂದ ಹಳೆಯ ಕ್ಯಾಸೆಟ್ಟುಗಳನ್ನು ಇಟ್ಟುಕೊಂಡಿರುವ ಮಹನೀಯರಲ್ಲಿ ಕೆಲವು ಅರಿಕೆಗಳಿವೆ. ಮೊದಲನೆಯದು, ತಡಮಾಡಬೇಡಿ. ಈ ಯಂತ್ರಗಳನ್ನು ಕಟ್ಟಕಡೆಯವರೆಗೂ ತಯಾರಿಸುತ್ತಿದ್ದ ಜಪಾನಿನ ಫುನಾಯ್ ಸಂಸ್ಥೆ ೨೦೧೬ರಲ್ಲಿ ಅದನ್ನು ನಿಲ್ಲಿಸಿತು. ಈಗ ಇರುವವು ಹಳೆಯ ಯಂತ್ರಗಳು ಮಾತ್ರ. ರಿಪೇರಿ ಬಲ್ಲವರೂ ವಿರಳ. ಎರಡನೆಯದು, ಮೊದಲಿನಿಂದ ಕಡೆಯವರೆಗೆ, ಕಂಬವೂ ಚಪ್ಪಲಿಯೂ ಸೇರಿದಂತೆ ಪೂರ್ತಿಯಾಗಿ ಇಳಿಸಿಕೊಂಡು ಅದನ್ನು ಮೂಲಪ್ರತಿಯೆಂದು ತೆಗೆದಿಡಿ. ಎರಡು ಪ್ರತಿಗಳು ಎರಡು ಮನೆಗಳಲ್ಲಿರಲಿ. ಮೂರನೆಯದು, ಚಿತ್ರದಲ್ಲಿರುವವರು ಯಾರು ಯಾರೆಂದು ಹೇಳಬಲ್ಲ ಹಿರಿಯರು ಇರುವಾಗಲೇ ಅವರನ್ನು ಪಕ್ಕದಲ್ಲಿ ಕೂರಿಸಿಕೊಂಡು ಬರೆದಿಟ್ಟುಕೊಳ್ಳಿ. ಅದೇ ನಮ್ಮ ಅಡಿಟಿಪ್ಪಣಿ. ಇಷ್ಟಾದ ಮೇಲೆ ಬೇಕಾದಷ್ಟು ಚಿಕ್ಕದು ಮಾಡಿ, ಚೆಂದ ಮಾಡಿ, ಹಂಚಿ.

ನಮ್ಮ ಮದುವೆಯ ಚಿತ್ರ ಈಗ ಇಪ್ಪತ್ತೇಳು ನಿಮಿಷಗಳದಾಗಿದೆ. ಕೊನೆಯ ಎರಡು ನಿಮಿಷ ತೆರೆಯ ಮೇಲೆ ಚುಕ್ಕೆಗಳಲ್ಲದೆ ಬೇರೇನೂ ಇಲ್ಲ. ಮೊಮ್ಮಗಳು ಮೊದಲ ಸಲ ನೋಡಿದಾಗ, “ತಾತ, ಇಲ್ಲಿ ಏನೂ ಕಾಣ್ತಿಲ್ಲ” ಎಂದಳು. “ಕಾಣೋದಿಲ್ಲಮ್ಮ, ಕೇಳು” ಎಂದೆ. ಕಣ್ಣಿಗೆ ಏನೂ ಕಾಣದಿದ್ದರೂ ಮನುಷ್ಯರು ಮುಂದೆ ಬಂದು ನಿಲ್ಲಬಲ್ಲರು ಎಂಬುದನ್ನು ಆಕಾಶವಾಣಿಯ ಶ್ರೋತೃಗಳಿಗೆ ನಾನು ಬಿಡಿಸಿ ಹೇಳಬೇಕಾಗಿಲ್ಲ.