ಮೊದಲು ಮನೆ, ಆಮೇಲೆ ಮದ್ದು

ಅಮೆರಿಕದಲ್ಲಿ ಜನವರಿ ಕೊನೆಯ ಒಂದು ರಾತ್ರಿ ಮನೆಯಿಲ್ಲದವರನ್ನು ಎಣಿಸುತ್ತಾರೆ. ಬೀದಿಯಲ್ಲಿ, ತಾತ್ಕಾಲಿಕ ಆಶ್ರಯಗಳಲ್ಲಿ ಮಲಗಿದ್ದ ಮಾಜಿ ಸೈನಿಕರೇ 2010ರಲ್ಲಿ ಸುಮಾರು 74,000 ಮಂದಿ, 2024ರಲ್ಲಿ 32,882. ಅರ್ಧಕ್ಕಿಂತ ಹೆಚ್ಚು ಇಳಿಕೆ!

ಇದು ಹೇಗಾಯಿತು? ಹಿಂದೆ ಅನೇಕ ಕಡೆ, ಕುಡಿತ ಬಿಟ್ಟು ಚಿಕಿತ್ಸೆ ಮುಗಿಸಿದವರಿಗಷ್ಟೇ ಮನೆ ಎಂಬ ನಿಯಮವಿತ್ತು. ಆದರೆ ಬೀದಿಯಲ್ಲಿರುವವನಿಗೆ ಮಾತ್ರೆ ಇಟ್ಟುಕೊಳ್ಳಲೂ ಜಾಗವಿಲ್ಲ, ವೈದ್ಯರ ಪತ್ರ ತಲುಪಲು ವಿಳಾಸವೂ ಇಲ್ಲ. ಆದ್ದರಿಂದ ಕ್ರಮವನ್ನೇ ಬದಲಿಸಿದರು. 2008ರಿಂದ ವಿಸ್ತಾರಗೊಂಡ ಯೋಜನೆಯಲ್ಲಿ ವಸತಿ ಇಲಾಖೆ ಬಾಡಿಗೆಗೆ ನೆರವಾಯಿತು. ಮಾಜಿ ಸೈನಿಕರ ಇಲಾಖೆ ಚಿಕಿತ್ಸೆ, ಮಾರ್ಗದರ್ಶನ ಒದಗಿಸಿತು.

ಪ್ರಯೋಗಶಾಲೆಯಲ್ಲಿ ಕ್ರಮ ತಪ್ಪಿದರೆ ಫಲಿತಾಂಶವೂ ತಪ್ಪುತ್ತದೆ. ಇಲ್ಲಿಯೂ ಹಾಗೆಯೇ. ಮನೆ ಗುಣವಾದವನಿಗೆ ಕೊಡುವ ಬಹುಮಾನವಲ್ಲ, ಗುಣವಾಗಲು ಬೇಕಾದ ನೆಲೆ. ಉಳಿದ ಆ 32,882 ಮಂದಿಯೂ ಒಮ್ಮೆ ಸಮವಸ್ತ್ರ ತೊಟ್ಟು ದುಡಿದವರೇ.